ಯಾರವ್ವಾ ಓದೋರು?

ಮಳವಳ್ಳಿಗೆ ಬಂದು ಇನ್ನೂ ವಾರ ತುಂಬಿರಲಿಲ್ಲ. ಮಧ್ಯಾಹ್ನ ಮೊಬೈಲಿನಲ್ಲಿ ಸಿತಾರ್ ಹಚ್ಚಿಕೊಂಡು ಕೂತಿದ್ದೆ. ಬಾಗಿಲಲ್ಲಿ ನೆರಳಾಯಿತು. ಮನೆಯ ಮಾಲಕಿ ಜಯಮ್ಮ, ಹಿಂದೆ ಬೀದಿಯ ಇನ್ನಿಬ್ಬರು ಹೆಂಗಸರು. ತಲೆಯ ಮೇಲೆ ಸೆರಗು. ಜಯಮ್ಮ ಮುಚ್ಚಿದ ಪಾತ್ರೆಯೊಂದನ್ನು ಕೆಳಗಿಟ್ಟು, ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು: “ಯಾರವ್ವಾ ಓದೋರು?”

ಅಚ್ಚಿನ ಕರಡು ಓದುವ ನನ್ನ ಕಸುಬನ್ನು ಹೊಸ ಊರಿನವರು ಇಷ್ಟು ಅಕ್ಕರೆಯಿಂದ ವಿಚಾರಿಸುತ್ತಾರಲ್ಲ ಎಂದು ಎದೆ ತುಂಬಿ ಬಂತು.

“ನಾನಽ ರೀ,” ಎಂದೆ. “ನಮ್ಮನ್ಯಾಗ ಓದಾಕಿ ನಾ ಒಬ್ಬಾಕೀನ.”

“ನೀನಾ?”

“ಹೂಂ ರೀ. ದಿನಾ ಹಿಂಗಽ.”

ಮೂವರೂ ಮುಖ ಮುಖ ನೋಡಿಕೊಂಡರು. “ಪಾಪ, ದುಃಖಕ್ಕೆ ತಲೆ ಕೆಟ್ಟದೆ ಕಣಕ್ಕ,” ಎಂದು ಒಬ್ಬಾಕೆ ಪಿಸುಗುಟ್ಟಿದಳು.

ಧಾರವಾಡದ ನನ್ನ ಮಂದಿಗೆ ಬಿಡಿಸಿ ಹೇಳಬೇಕು. ಇಲ್ಲಿಯ ನಾಲಿಗೆಯ ಮೇಲೆ ‘ಹ’ಕಾರ ನಿಲ್ಲುವುದು ಕಡಿಮೆ. ಹಳ್ಳಿ ಅಳ್ಳಿ, ಹೋದವರು ಓದೋರು. ಸತ್ತವರು ಯಾರು ಎಂದು ಅವರು ಕೇಳಿದ್ದರು. ಪುಸ್ತಕ ಓದುವವರು ಯಾರು ಎಂದು ನಾನು ತಿಳಿದಿದ್ದೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಅದಕ್ಕೇ ಆ ಪಾತ್ರೆಯಲ್ಲಿ ಮುದ್ದೆ, ಉಪ್ಸಾರು. ಉಪ್ಸಾರೆಂದರೆ ಕಾಳು, ಸೊಪ್ಪು ಬೇಯಿಸಿ ಬಸಿದ ನೀರು. ಅರೆದ ಖಾರವನ್ನು ತಟ್ಟೆಯಲ್ಲೇ ಕಲಸಿಕೊಳ್ಳಬೇಕು. ವಿಷಯ ತಿಳಿದ ಮೇಲೆ ನಾಲ್ವರೂ ನಕ್ಕು ನಕ್ಕು ಸುಸ್ತಾದೆವು.

“ಮತ್ತೆ ಆ ಟುಂಯ್ ಟುಂಯ್ ಯಾಕವ್ವಾ?” ಎಂದರು ಜಯಮ್ಮ. “ದೊಡ್ಡೋರು ಸತ್ರೆ ರೇಡಿಯೋದಲ್ಲಿ ಹಾಡೆಲ್ಲಾ ನಿಲ್ಸಿ ಇದ್ನೇ ಹಾಕೋರು. ನಮ್ಮತ್ತೆ ಗ್ವಾಡೆ ಆಚೆಯಿಂದ ಕೇಳುಸ್ಕೊಂಡು ನೆನ್ನೆಯಿಂದ ಅನ್ನ ಮುಟ್ಟಿಲ್ಲ. ನಿಲ್ಸುಬುಡು ಕಣವ್ವ.”

ಧಾರವಾಡದ ಓಣಿಯಲ್ಲಿ ಸಿತಾರ್ ಕೇಳಿದರೆ ಯಾರೋ ರಿಯಾಜಿಗೆ ಕೂತರೆಂದು ಅರ್ಥ. ಇಲ್ಲಿ ಯಾರೋ ತೀರಿಕೊಂಡರೆಂದು. ನಿಲ್ಲಿಸಿದೆ.

ನಿಲ್ಲಿಸಿದ್ದು ಸುಲಭ, ಆಮೇಲಿನದು ಕಷ್ಟ. ನನ್ನ ಯಜಮಾನರಿಗೆ ಹತ್ತಿರದ ಬ್ಲಫ್ ಎಂಬಲ್ಲಿಯ ವಿದ್ಯುತ್ ಕೇಂದ್ರಕ್ಕೆ ವರ್ಗವಾಗಿ ನಾವು ಇಲ್ಲಿಗೆ ಬಂದವರು. ನಾನು ಧಾರವಾಡದ ಮುದ್ರಣಾಲಯವೊಂದಕ್ಕೆ ಕರಡು ತಿದ್ದುವವಳು. ಕರಡು ಓದುವಾಗ ಹಾಡು ಕೇಳಲಾಗದು. ಹಾಡಿನ ಮಾತು ಕರಡಿನ ಮಾತಿಗೆ ಕಾಲು ಅಡ್ಡ ಹಾಕುತ್ತದೆ. ಬರೀ ವಾದ್ಯವಾದರೆ ಹಾಗಲ್ಲ. ಕಿವಿಗೊಂದು ಕೆಲಸ ಕೊಟ್ಟು ಕೂರಿಸಿದರೆ ಕಣ್ಣು ತನ್ನ ಕೆಲಸಕ್ಕೆ ಹೋಗುತ್ತದೆ. ಮಲಗುವಾಗಲೂ ಅಷ್ಟೇ. ಈಗ ಕಿವಿಗೆ ಸಿಕ್ಕಿದ್ದು ಕಬ್ಬಿನ ಟ್ರ್ಯಾಕ್ಟರುಗಳ ಅಬ್ಬರ. ನಿದ್ದೆ ಹರಿಯಿತು, ಓದು ಕೆಟ್ಟಿತು. ಒಂದು ಲಗ್ನಪತ್ರಿಕೆಯಲ್ಲಿ ಹಿರಿಯರು ವಧೂವರರನ್ನು ‘ಹರಸಬೇಕು’ ಎಂದಿರಬೇಕಾದಲ್ಲಿ ‘ಅರಸಬೇಕು’ ಎಂದು ಅಚ್ಚಾಗಿ ಹೋಯಿತು.

“ಏನ್ರೀ ಬಾಯಾರ, ಮಂಡ್ಯದ ನೀರು ಕುಡದು ‘ಹ’ ನುಂಗಿಬಿಟ್ರೇನು? ವಧೂವರರೇನು ಕಳದು ಹೋಗ್ಯಾರ?” ಎಂದರು ಮುದ್ರಣಾಲಯದವರು ಫೋನಿನಲ್ಲಿ. ನಕ್ಕೇ ಅಂದರು, ಆದರೆ ಆಮೇಲೆ ಬರುವ ಕರಡು ಕಡಿಮೆಯಾಯಿತು.

ಅಂದು ಯಜಮಾನರಿಗೆ ಹೇಳಿದೆ: “ದೀಪಾವಳಿತನಾ ನೋಡ್ತೀನ್ರೀ. ಆಗಲಿಲ್ಲಂದ್ರ ನಾ ಧಾರವಾಡಕ್ಕ ಹೋಗಿ ಅಕ್ಕನ ಮನ್ಯಾಗ ಇರ್ತೀನಿ. ನಿಮಗ ರಜಾ ಸಿಕ್ಕಾಗ ಬರ್ರಿ.” ಅವರು ತಟ್ಟೆಯಲ್ಲಿದ್ದ ರೊಟ್ಟಿಯನ್ನು ಚೂರು ಮಾಡುತ್ತಲೇ ಕೂತರು.

ಇಯರ್‌ಫೋನ್ ಹಾಕಿಕೊಂಡು ನೋಡಿದೆ. ಜಯಮ್ಮ ಕರೆದದ್ದು ಕೇಳಲಿಲ್ಲ. “ಕರುದ್ರೆ ಓ ಅನ್ನಕ್ಕಿಲ್ವಾ? ಏನ್ ದಿಮಾಕು!” ಎಂದು ಬೈಸಿಕೊಂಡೆ.

ಒಂದು ಮಧ್ಯಾಹ್ನ ಜಯಮ್ಮನ ಅತ್ತೆ ಕೆಂಪಮ್ಮನವರೇ ಮಂಡಿ ಹಿಡಿದುಕೊಂಡು ಒಳಗೆ ಬಂದರು. ನೋವಿಗೆ ಅವರಿಗೂ ನಿದ್ದೆ ಇರಲಿಲ್ಲ.

“ಅದೇನೇ ಕಿವೀಲಿ?”

ಹೇಳುವುದಕ್ಕಿಂತ ಕೇಳಿಸುವುದೇ ಮೇಲೆಂದು ಒಂದನ್ನು ತೆಗೆದು ಅವರ ಕಿವಿಗಿಟ್ಟೆ. ಇಟ್ಟ ಮೇಲೆ ಅನುಮಾನ ಬಂತು. ಮತ್ತೆ ಊಟ ಬಿಟ್ಟರೆ? ಮುದುಕಿ ಕಣ್ಣು ಮುಚ್ಚಿ ಆಲಿಸಿದರು.

“ಇದು ಕೊಳಲು ಕಣೆ.”

“ಹೌದ್ರೀ.”

“ದನ ಕಾಯೋರ್ದು. ಇದು ಸಾವಿಂದಲ್ಲ. ಕಳ್ಳಿ ಥರಾ ಕಿವೀಲಿ ಬಚ್ಚಿಟ್ಕೊಂಡು ಯಾಕ್ ಕೇಳೀಯೆ? ಜೋರಾಗಿ ಹಾಕು.”

ಹಾಕಿದೆ. ಅವರು ನನ್ನ ಚಾಪೆಯ ಮೇಲೆ ಒರಗಿದವರು ಹಾಗೇ ನಿದ್ದೆ ಹೋದರು. ನಾನು ಒಂದು ಅಧ್ಯಾಯ ತಿದ್ದಿ ಮುಗಿಸಿದೆ.

ಅಂದಿನಿಂದ ಊಟವಾದ ಮೇಲೆ ಅವರು ಬರುವುದು, ನಾನು ಕೊಳಲು ಹಚ್ಚುವುದು ರೂಢಿಯಾಯಿತು. ಕೊಳಲಿನಿಂದ ಅವರ ಮಂಡಿನೋವೇನೂ ಹೋಗಲಿಲ್ಲ; ನೋವಿನ ಮೇಲಿದ್ದ ಗಮನ ಹೋಯಿತು. ನಿದ್ದೆಗೆ ಅಷ್ಟು ಸಾಕು. ಟ್ರ್ಯಾಕ್ಟರುಗಳೂ ನಿಲ್ಲಲಿಲ್ಲ; ನನಗೆ ಕೇಳುವುದು ನಿಂತಿತು. ಕರಡುಗಳು ಮೊದಲಿನಂತೆ ಬರತೊಡಗಿದವು. ದೀಪಾವಳಿ ಬಂತು, ಹೋಯಿತು. ನಾನು ಇಲ್ಲೇ ಉಳಿದೆ. ಹಬ್ಬದ ಮರುದಿನ ಯಜಮಾನರು ಪೇಟೆಗೆ ಹೋಗಿ ನನಗೊಂದು ಓದುವ ಮೇಜು ತಂದರು.

ಮೊನ್ನೆ ಅಕ್ಕನನ್ನು ನೋಡಲು ಧಾರವಾಡಕ್ಕೆ ಹೊರಟಾಗ ಕೆಂಪಮ್ಮ ಬಾಗಿಲಿಗೆ ಬಂದರು. “ಜಾಸ್ತಿ ದಿನ ಕೂತ್ಕೋಬ್ಯಾಡ ಕಣೆ, ನಂಗೆ ನಿದ್ದೆ ಬರಕ್ಕಿಲ್ಲ,” ಎಂದರು. “ಬತ್ತೀನಿ ಕಣವ್ವ,” ಎಂದೆ. ಅಕ್ಕನ ಮನೆ ಬಿಡುವಾಗ ಅವಳ ಕಣ್ಣು ತುಂಬಿತ್ತು. “ಬರ್ತೀನಕ್ಕಾ,” ಎಂದೆ. ಹೊಸ್ತಿಲು ದಾಟುವಾಗ ‘ಹೋಗ್ತೀನಿ’ ಅನ್ನಬಾರದೆಂದು ನಮ್ಮಜ್ಜಿ ಸಣ್ಣಂದಿನಲ್ಲೇ ಕಲಿಸಿದ್ದಳು. ಎರಡೂ ಕಡೆಯವರು ನನ್ನ ಮಾತು ನಂಬಿಕೊಂಡು ಕೂತಿರುತ್ತಾರೆ. ಎರಡೂ ಕಡೆ ನಾನು ಸುಳ್ಳು ಹೇಳಿದ್ದಲ್ಲ.