ಕಾಕಾಸಾಹೇಬರ ಸಕ್ಕರೆ ಪೊಟ್ಟಣ

ಉಗಾರ ಖುರ್ದದ ಕಾಕಾಸಾಹೇಬ ಮಗದುಮ್ಮರು ಜನ್ಮದಲ್ಲಿ ಒಮ್ಮೆಯೂ ಚೆಂಡನ್ನು ನೆಟ್ಟಗೆ ಒದ್ದವರಲ್ಲ. ಒದ್ದ ಒಂದೆರಡು ಸಲ ಚೆಂಡು ನಿಂತಲ್ಲೇ ನಿಂತು ಚಪ್ಪಲಿ ಮಾತ್ರ ಗೋಲಿನ ಕಡೆ ಹೋಗಿತ್ತು. ಆದರೂ ಅಥಣಿಯಿಂದ ನಿಪ್ಪಾಣಿಯವರೆಗೆ ಯಾವ ಊರಿನ ಯಾವ ಓಣಿಯ ಹುಡುಗನಿಗೆ ಎಡಗಾಲು ಚುರುಕು, ಯಾರಿಗೆ ಅರ್ಧ ಆಟಕ್ಕೇ ದಮ್ಮು ಹತ್ತುತ್ತದೆ ಎಂದು ಕೇಳಿದರೆ ಕುಳಿತಲ್ಲೇ ಹೇಳುತ್ತಾರೆ. ಕೃಷ್ಣಾಕಾಠ ಫುಟ್‌ಬಾಲ್ ಸಂಘಕ್ಕೆ ಮೂವತ್ತು ವರ್ಷದಿಂದ ಆಟಗಾರರನ್ನು ಹುಡುಕಿ ತರುವವರು ಇವರೇ.

ಈ ಕಣ್ಣು ಅವರಿಗೆ ಬಂದದ್ದು ಸಕ್ಕರೆ ಕಾರ್ಖಾನೆಯ ಕಾಟಾದಲ್ಲಿ. ಕಬ್ಬಿನ ಗಾಡಿ ತೂಗುವ ಆ ಪುಟ್ಟ ಕೋಣೆಯ ಕಿಟಕಿಯಲ್ಲಿ ಕುಳಿತು ಮೂವತ್ತಮೂರು ವರ್ಷ ಗಾಡಿಗಳನ್ನು ತೂಗಿದರು, ಗಾಡಿಯಿಂದ ಜಿಗಿಯುವ ಹುಡುಗರನ್ನೂ ತೂಗಿದರು. ಕಬ್ಬಿನ ಹೇರಿನ ಮೇಲಿಂದ ಧಪ್ಪೆಂದು ಬಿದ್ದವನು ಬೇಡ, ಬೆಕ್ಕಿನ ಹಾಗೆ ಸದ್ದಿಲ್ಲದೆ ಇಳಿದವನು ಬೇಕು. ಅಂಥವನು ಕಂಡರೆ ಚೀಟಿಯ ಹಿಂದೆ ಅವನ ಊರು, ತಾಯಿಯ ಹೆಸರು ಬರೆದುಕೊಳ್ಳುತ್ತಿದ್ದರು. ಅಪ್ಪನ ಹೆಸರು ಯಾಕಿಲ್ಲ ಎಂದರೆ, "ಅಪ್ಪ ಹೂಂ ಅಂದ್ರ ಹುಡುಗ ಒಂದ ದಿನಾ ಬರ್ತಾನ, ಅವ್ವ ಹೂಂ ಅಂದ್ರ ವರ್ಷ ಪೂರ್ತಿ ಬರ್ತಾನ" ಎನ್ನುತ್ತಿದ್ದರು.

ಅವರ ಪದ್ಧತಿಗೆ ಮೂರು ಭೇಟಿ. ಮೊದಲ ಭೇಟಿಯಲ್ಲಿ ಚೆಂಡಿನ ಮಾತೇ ಇಲ್ಲ. ಚಹಾ ಕುಡಿಯುವುದು, ಮನೆ ನೋಡುವುದು, ಹುಡುಗ ತಾಯಿಗೆ ಹೇಗೆ ಉತ್ತರ ಕೊಡುತ್ತಾನೆ ಎಂದು ಕೇಳಿಸಿಕೊಳ್ಳುವುದು. ಎರಡನೆಯದರಲ್ಲಿ ವಿಷಯ ಎತ್ತುವುದು. ಮೂರನೆಯದಕ್ಕೆ ಹೆಂಡತಿ ಸುಗಂಧಾಬಾಯಿಯನ್ನು ಕರೆದೊಯ್ಯುವುದು, ಏಕೆಂದರೆ ದೂರದ ಹುಡುಗರಿಗೆ ಊಟ ಹಾಕುವವರು ಅವರೇ. ಮಗನಿಗೆ ಅನ್ನ ಹಾಕುವ ಕೈಯನ್ನು ತಾಯಿ ನೋಡಬೇಡವೇ? ಆಗ ಕಾಲು ಕಿಲೋ ಸಕ್ಕರೆಯ ಪೊಟ್ಟಣವನ್ನು ತಾಯಿಯ ಕೈಗೆ ಕೊಟ್ಟು ಕಾಕಾಸಾಹೇಬರು ಒಂದೇ ಮಾತು ಹೇಳುವರು: "ತಾಯಿ, ನಿಮ್ಮ ಮಗನ್ನ ಕಸಗೊಂಡ ಹೋಗಾಕತ್ತಿಲ್ರಿ. ಕಡಾ ಒಯ್ಯಾಕತ್ತೇನಿ. ಉಣಿಸಿ ತಿನಿಸಿ ತಂದ ಮುಟ್ಟಸ್ತೇನಿ."

ಅಲ್ಲಿಗೆ ಕರಾರು ಆಯಿತು. ಬೇರೆ ಸಂಘದವರು ನಮ್ಮ ಹುಡುಗನನ್ನು ಒಯ್ಯಬೇಕೆಂದರೆ ಅವರೂ ಸುಗಂಧಾಬಾಯಿಯ ಕೈಗೆ ಸಕ್ಕರೆ ಕೊಟ್ಟೇ ಒಯ್ಯಬೇಕು. ಒಳ್ಳೆಯ ಜಾಗ ಸಿಕ್ಕವನನ್ನು ಕಾಕಾಸಾಹೇಬರು ಹಿಡಿದು ನಿಲ್ಲಿಸಿದ್ದಿಲ್ಲ. ಆದರೆ ಕೊಟ್ಟ ಸಕ್ಕರೆಯನ್ನು ಮೂವತ್ತು ವರ್ಷದಲ್ಲಿ ಒಮ್ಮೆಯೂ ವಾಪಸು ಕೇಳಿದ್ದಿಲ್ಲ, ಯಾರೂ ಕೊಟ್ಟದ್ದೂ ಇಲ್ಲ.

ಸುಗಂಧಾಬಾಯಿಗೆ ಇದರ ಮೇಲೆ ಇದ್ದ ಸಿಟ್ಟು ಒಂದೇ. ಮಗ ಸುಜಯನಿಗೆ ಮೂವತ್ತೊಂದಾಗಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಮೋಟರ್ ಕಾಯಿಲ್ ಸುತ್ತುವ ಅಂಗಡಿ. ಕೈಕೆಲಸದಲ್ಲಿ ಜಾಣ, ಬಾಯಿ ಮಾತ್ರ ಇಲ್ಲ. ಹೆಣ್ಣು ಸಿಕ್ಕಿರಲಿಲ್ಲ. ಜೈನ ಸಮಾಜದ ವಧು-ವರರ ಪುಸ್ತಕದಲ್ಲಿ ಅವನ ಫೋಟೋ ಮೂರು ವರ್ಷದಿಂದ ಅಚ್ಚಾಗುತ್ತಿತ್ತು.

"ಮಂದಿ ಮಕ್ಕಳ್ನ ಹುಡಕಾಕ ಹನ್ನೆರಡ ಊರ ತಿರಗ್ತೀರಿ. ಮನ್ಯಾನ ಮಗಗ ಹೆಣ್ಣ ಹುಡಕ್ರಿ ಅಂದ್ರ ಮೊಣಕಾಲ ನೋಯ್ತಾವ ಅಂತೀರಿ" ಎಂದು ಆಕೆ ಪ್ರತಿ ಭಾನುವಾರ ಅನ್ನುತ್ತಿದ್ದರು. ಕಾಕಾಸಾಹೇಬರಿಗೆ ಆ ಹೊತ್ತಿಗೆ ಸರಿಯಾಗಿ ಕಿವಿಯೂ ಕೇಳಿಸುತ್ತಿರಲಿಲ್ಲ.

ಹೋದ ಡಿಸೆಂಬರಿನಲ್ಲಿ ಸಂಘಕ್ಕೆ ಪ್ರತಿ ವರ್ಷದ ಪೇಚು ಬಂತು. ಕಬ್ಬು ನುರಿಸುವ ಹಂಗಾಮು ಶುರುವಾದರೆ ಅರ್ಧ ತಂಡ ಟ್ರ್ಯಾಕ್ಟರ್ ಹತ್ತುತ್ತದೆ. ಗೋಲ್‌ಕೀಪರ್ ಮಲ್ಲೇಶನೂ ಹತ್ತಿಬಿಟ್ಟಿದ್ದ. ಜನವರಿಯಲ್ಲಿ ನಿಪ್ಪಾಣಿಯ ಪಂದ್ಯಾವಳಿ. ಅದಕ್ಕೆಂದೇ ಕಾಕಾಸಾಹೇಬರು ಚಳಿಗಾಲಕ್ಕೆ ಕಬ್ಬಿನ ಊರು ಬಿಟ್ಟು ಮಗ್ಗದ ಊರಿಗೆ ಹೋಗುತ್ತಾರೆ. ವಿದ್ಯುತ್ ಮಗ್ಗಕ್ಕೆ ಹಂಗಾಮಿನ ಹಂಗಿಲ್ಲ. ಬೋರಗಾಂವದಲ್ಲಿ ಸಂದೇಶ ಚೌಗುಲೆ ಎಂಬ ಇಪ್ಪತ್ತರ ಹುಡುಗನನ್ನು ಅವರು ಕಂಡಿದ್ದರು. ಟೆಂಪೋದಿಂದ ಜಾರಿದ ನೂಲಿನ ಉಂಡೆಯನ್ನು ಆ ಹುಡುಗ ಬೇರೆಯವರ ಜೊತೆ ಮಾತಾಡುತ್ತಲೇ, ತಿರುಗಿ ಸಹ ನೋಡದೆ, ಒಂದೇ ಕೈಯಲ್ಲಿ ಹಿಡಿದಿದ್ದ. ಸಂಜೆ ಮೈದಾನದಲ್ಲಿ ಅವನ ಆಟ ನೋಡಿ, "ಗುರುವಾರ ಮನಿಗೆ ಬರ್ತೇನಿ ಅಂತ ಅವ್ವಗ ಹೇಳ" ಎಂದು ಬಂದರು.

ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ವಿರುಪಾಕ್ಷಪ್ಪನವರ ಫೋನು. ಇವರು ದ್ರಾಕ್ಷಿ ತೋಟದವರು. ಔಷಧ ಹೊಡೆಯುವುದು ಒಂದು ದಿನ ತಡವಾದರೂ ಜೀವ ಕೈಯಲ್ಲಿ ಹಿಡಿಯುವ ಜನ.

"ಕಾಕಾ, ಬ್ಯಾರೆ ಸಂಘದವರೂ ಆ ಹುಡುಗನ ಮ್ಯಾಲೆ ಕಣ್ಣ ಇಟ್ಟಾರ. ರವಿವಾರ ಸಂಜಿ ಐದಕ್ಕ ಹೆಸರ ಕೊಡೂದ ಬಂದ್. ನೀವು ಮೂರ ಸಲ ಚಹಾ ಕುಡದ ಬರೂದ್ರಾಗ ಅವ ಅವರ ಅಂಗಿ ಹಾಕ್ಕೊಂಡ ನಿಂತಿರ್ತಾನ!"

ಮೂವತ್ತು ವರ್ಷ ತಪ್ಪದ ಮನುಷ್ಯ ಆ ಗುರುವಾರ ತಪ್ಪಿದರು. ಮೊದಲ ಭೇಟಿಗೇ ಸಕ್ಕರೆ ಪೊಟ್ಟಣ ಜೇಬಿಗೆ ಹಾಕಿಕೊಂಡು ಹೊರಟರು.

ಸಂದೇಶ ಊರಿನ ಇನ್ನೊಬ್ಬರ ಮಗ್ಗದ ಪಾಳಿಗೆ ಹೋಗಿದ್ದ. ಅವನ ತಾಯಿ ಕಸ್ತೂರೆವ್ವ "ಜಯ ಜಿನೇಂದ್ರ, ಬರ್ರಿ ಬರ್ರಿ" ಎಂದು ಬಾಗಿಲಿಗೇ ಬಂದರು. ಗಂಡ ತೀರಿದ ಮೇಲೆ ನಾಲ್ಕು ಮಗ್ಗ ನಡೆಸಿಕೊಂಡು ಬಂದ ಗಟ್ಟಿ ಹೆಣ್ಣುಮಗಳು. ಜಮಖಾನೆ ಹಾಸಿತ್ತು. ಉಳ್ಳಾಗಡ್ಡಿ ಹಾಕದ ಬಿಸಿ ಅವಲಕ್ಕಿ ಬಂತು. ಅದನ್ನು ತಂದವಳು ಸಂದೇಶನ ಅಕ್ಕ ಬ್ರಾಹ್ಮಿ. ಹೊಸ ಸೀರೆ ಉಟ್ಟಿದ್ದಳು, ತಲೆಗೂದಲಲ್ಲಿ ಹತ್ತಿಯ ಎಳೆ ಮಾತ್ರ ಹಾಗೇ ಉಳಿದಿತ್ತು. ಕಾಕಾಸಾಹೇಬರು ಅವಲಕ್ಕಿ ನೋಡಿದರು, ಬಾಗಿಲಲ್ಲಿ ಸಾಲಾಗಿಟ್ಟ ಬೂಟು ನೋಡಿದರು, ಹಗ್ಗದ ಮೇಲೆ ಒಣಗುತ್ತಿದ್ದ ಗೋಲ್‌ಕೀಪರನ ಕೈಗವಸು ನೋಡಿದರು. ತಟ್ಟೆ ಹಿಡಿದು ನಿಂತ ಹುಡುಗಿಯೊಂದನ್ನು ಬಿಟ್ಟು ಎಲ್ಲವನ್ನೂ ನೋಡಿದರು.

"ತಾಯಿ, ಮನಿ ಭಾಳ ಚಲೋ ಅನಸ್ತು. ನನ್ನ ಮನಸ್ಸಿಗೆ ಬಂದೈತಿ. ಇದನ್ನ ತಗೋರಿ. ರವಿವಾರ ಮುಂಜಾನೆ ನಮ್ಮ ಮನಿಯವ್ರನ್ನ ಕರಕೊಂಡ ಬರ್ತೇನಿ" ಎಂದು ಪೊಟ್ಟಣ ಕೊಟ್ಟರು. ಹೊತ್ತು ಮುಳುಗುವ ಮೊದಲು ಮನೆ ಸೇರಿ ಊಟ ಮಾಡುವ ಅವಸರ. ಕಡಾ ಒಯ್ಯುವ ಮಾತು ಹೇಳುವುದನ್ನೇ ಮರೆತು ಗಾಡಿ ಹತ್ತಿದರು.

ಈ ಭಾಗದಲ್ಲಿ ಮದುವೆ ನಿಶ್ಚಯಕ್ಕೆ ಸಾಖರಪುಡಾ ಎನ್ನುತ್ತಾರೆ. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಸಕ್ಕರೆ ಕೊಟ್ಟರೆ ಮಾತು ಮುಗಿಯಿತು. ಸಂಘದ ಪದ್ಧತಿಗೆ ಕಾಕಾಸಾಹೇಬರು ಸಕ್ಕರೆ ಆರಿಸಿಕೊಂಡದ್ದೂ ಅದಕ್ಕೇ: ಅದನ್ನು ತಗೊಂಡವರು ಮಾತು ಮುರಿಯುವುದಿಲ್ಲ. ಆದರೆ ಸಂದೇಶ ತಾಯಿಗೆ "ಉಗಾರದ ಮಗದುಮ್ಮರು ಬರ್ತಾರಂತ" ಎಂದಷ್ಟೇ ಹೇಳಿ ಪಾಳಿಗೆ ಓಡಿದ್ದ. ಕಸ್ತೂರೆವ್ವನ ಬಳಿ ವಧು-ವರರ ಪುಸ್ತಕವಿತ್ತು. ಅದರಲ್ಲಿ ಉಗಾರದ ಮಗದುಮ್ಮರ ಸುಜಯ ನೆಟ್ಟಗೆ ಕುಳಿತು ಫೋಟೋ ತೆಗೆಸಿಕೊಂಡಿದ್ದ. ಇನ್ನೇನು ಬೇಕು? ರಾತ್ರಿ ಬಂದ ಸಂದೇಶ, ತನ್ನನ್ನು ನೋಡಲು ಬಂದವರು ಅಕ್ಕನನ್ನು ಒಪ್ಪಿ ಹೋದರು ಎಂದು ತಿಳಿದು ಸಪ್ಪೆ ಮೋರೆ ಹಾಕಿಕೊಂಡು ಮಲಗಿದ, ಪಾಪ.

ಶುಕ್ರವಾರ ಮುಂಜಾನೆ ಕಾಕಾಸಾಹೇಬರು ಸಂತೆಯಿಂದ ಬಂದಾಗ ಮನೆಯಲ್ಲಿ ಶಿರಾದ ಘಮ. ಸುಗಂಧಾಬಾಯಿಯ ಕಣ್ಣು ತುಂಬಿತ್ತು.

"ಬೋರಗಾಂವದ ಬೀಗತಿ ಫೋನ್ ಮಾಡಿದ್ರು. ಇಷ್ಟ ದಿನಾ ನಿಮಗ ಬಾಯಿಗೆ ಬಂದಂಗ ಅಂದೇನಿ, ತಪ್ಪ ಆತ್ರಿ. ನನಗ ಒಂದ ಮಾತ ಹೇಳದ ಸಕ್ಕರಿ ಕೊಟ್ಟ ಬಂದೀರಲ್ಲ!"

ಕಾಕಾಸಾಹೇಬರು ಅಲ್ಲೇ ಕಟ್ಟೆಯ ಮೇಲೆ ಕುಳಿತರು. ಮೂವತ್ತಮೂರು ವರ್ಷ ಒಂದು ಕಿಲೋ ಹೆಚ್ಚುಕಡಿಮೆ ತೂಗದವರಿಗೆ ಕಾಲ ಕೆಳಗಿನ ನೆಲವೇ ತೂಗಾಡಿತು. ನಿಜ ಸಂಗತಿ ಹೇಳಿದಾಗ ಸುಗಂಧಾಬಾಯಿ ಶಿರಾಕ್ಕೆ ಇನ್ನೊಂದು ಚಮಚ ತುಪ್ಪ ಹಾಕಿದರು.

"ಕೊಟ್ಟ ಸಕ್ಕರಿ ತಿರುಗಿ ಬರೂದಿಲ್ಲ ಅಂತ ನೀವ ಹೇಳ್ತೀರಿ. ಸುಮ್ಮನಿರ್ರಿ. ಹುಡುಗನೂ ಸಿಗ್ತಾನ, ಸೊಸೀನೂ ಸಿಗ್ತಾಳ."

ವಿರುಪಾಕ್ಷಪ್ಪನವರದೂ ಅದೇ ಸಲಹೆ: "ಕಾಕಾ, ಒಂದ ಪೊಟ್ಟಣಕ್ಕ ಎರಡ ಆಟಗಾರರು! ಇಂಥಾ ವ್ಯವಹಾರ ಯಾರ ಮಾಡ್ಯಾರ? ಬಾಯಿ ಬಿಡಬ್ಯಾಡ್ರಿ."

ಸುಜಯ ಶನಿವಾರ ಅಂಗಡಿ ಮುಚ್ಚಿ ಕ್ಷೌರ ಮಾಡಿಸಿಕೊಂಡು ಬಂದ. ಅದನ್ನು ನೋಡಿದ ಅಪ್ಪ ಆ ರಾತ್ರಿ ಲೆಕ್ಕ ಹಾಕುತ್ತ ಕುಳಿತರು. ಸುಮ್ಮನಿದ್ದರೆ ಎಲ್ಲವೂ ಸಲೀಸು. ಬಾಯಿ ಬಿಟ್ಟರೆ ಗೋಲ್‌ಕೀಪರ್ ಹೋದ, ಮಗನ ಮದುವೆ ಹೋಯಿತು, ಸಕ್ಕರೆಯ ಹೆಸರೂ ಹೋಯಿತು. ಹೆಣ್ಣಿನ ಮನೆಯ ಸಾಖರಪುಡಾ ಮುರಿದ ಅಪವಾದ ಆ ಹುಡುಗಿಯ ಮೇಲೂ ಬಂತು. ಆದರೆ ಒಬ್ಬ ಹುಡುಗನನ್ನು ತಂಡಕ್ಕೆ ತರಲು ಮೂರು ಸಲ ಹೋಗುವವನು, ಮುಖ ಸಹ ನೋಡದ ಹುಡುಗಿಯನ್ನು ಸುಳ್ಳಿನ ಮೇಲೆ ಮನೆಗೆ ತರುವುದೆಂದರೇನು? ಈ ಒಂದು ಪ್ರಶ್ನೆ ಅವರನ್ನು ಬಿಡಲಿಲ್ಲ.

ಭಾನುವಾರ ಹೆಂಡತಿ, ಮಗನೊಂದಿಗೆ ಬೋರಗಾಂವಕ್ಕೆ ಹೋಗಿ ಜಮಖಾನೆಯ ಮೇಲೆ ಎಲ್ಲರೂ ಕುಳಿತ ಮೇಲೆ ಕಾಕಾಸಾಹೇಬರು ಎದ್ದು ನಿಂತು ಕೈಮುಗಿದರು.

"ತಾಯಿ, ತಪ್ಪ ನಂದು. ನಾ ಸಕ್ಕರಿ ಕೊಟ್ಟಿದ್ದು ಸಂದೇಶನ ಆಟಕ್ಕ. ಅವಸರದಾಗ ಬಾಯಿ ಬಿಟ್ಟ ಹೇಳಲಿಲ್ಲ. ನಿಮ್ಮ ಮಗಳ ಹೆಸರಿಗೆ ಒಂದ ಮಾತ ಬಂದ್ರೂ ನಾ ಮನಿ ಮನಿಗೆ ಹೋಗಿ ನನ್ನ ತಪ್ಪ ಅಂತ ಹೇಳಿ ಬರ್ತೇನಿ."

ಕಸ್ತೂರೆವ್ವನ ಮುಖ ಬಾಡಿತು. ಸುಗಂಧಾಬಾಯಿ ನೆಲ ನೋಡಿದರು. ಸಂದೇಶನ ಮುಖ ಮಾತ್ರ ಅರಳಿತು. ಅದನ್ನು ಮುಚ್ಚಲು ಪಾಪ ಕೆಮ್ಮಿದ. ಆಗ ಒಳಗಿನಿಂದ ನಗು ಕೇಳಿಸಿತು. ಬ್ರಾಹ್ಮಿ ಹೊರಗೆ ಬಂದಳು. ಈ ಸಲ ಹೊಸ ಸೀರೆಯಿರಲಿಲ್ಲ.

"ಅವ್ವಾ, ನಾ ಅವತ್ತ ಹೇಳಲಿಲ್ಲೇನ? ಇವರು ನನ್ನ ಕಡೆ ಒಮ್ಮಿನೂ ನೋಡಲಿಲ್ಲ. ತಮ್ಮನ ಕೈಗವಸಿನ ಮ್ಯಾಲೆ ಇತ್ತು ಇವರ ಕಣ್ಣ. ಸೊಸಿ ನೋಡಾಕ ಬಂದವರು ಹಂಗ ನೋಡ್ತಾರೇನ?" ಆಮೇಲೆ ಕಾಕಾಸಾಹೇಬರ ಕಡೆ ತಿರುಗಿದಳು. "ಕಾಕಾರ, ನಿಮ್ಮ ಸಕ್ಕರಿ ತಮ್ಮಗ ಇರ್ಲಿ. ನಮ್ಮಿಂದ ತಿರುಗಿ ಬರೂದಿಲ್ಲ."

ಕಾಕಾಸಾಹೇಬರ ಕಣ್ಣು ಒದ್ದೆಯಾಯಿತು. ಗುರುವಾರ ಮರೆತ ಮಾತನ್ನು ಈಗ ಕಸ್ತೂರೆವ್ವನಿಗೆ ಹೇಳಿದರು: ಕಸಗೊಂಡು ಹೋಗುತ್ತಿಲ್ಲ, ಕಡಾ ಒಯ್ಯುತ್ತಿದ್ದೇನೆ, ಉಣಿಸಿ ತಿನಿಸಿ ತಂದು ಮುಟ್ಟಿಸುತ್ತೇನೆ. ಕಸ್ತೂರೆವ್ವ ನಿಟ್ಟುಸಿರು ಬಿಟ್ಟು ತಲೆಯಾಡಿಸಿದರು. ಬಾಗಿಲಿಗೆ ಒರಗಿ ನಿಂತ ಬ್ರಾಹ್ಮಿ ಆ ಮಾತನ್ನು ಲಕ್ಷ್ಯಗೊಟ್ಟು ಕೇಳಿದಳು. ಅಷ್ಟರಲ್ಲಿ ಹಿತ್ತಲಿನ ಮೂರನೇ ಮಗ್ಗ ಗರ್ ಎಂದು ನಿಂತಿತು. ಯಾರೂ ಹೇಳದೆಯೇ ಸುಜಯ ಎದ್ದು ಹೋದ. ಅರ್ಧ ತಾಸಿನಲ್ಲಿ ಮಗ್ಗ ಮತ್ತೆ ಸದ್ದು ಮಾಡಿತು. ಸಂದೇಶನ ಹೆಸರು ಐದಕ್ಕೆ ಹತ್ತು ನಿಮಿಷ ಇರುವಾಗ ನಿಪ್ಪಾಣಿಯಲ್ಲಿ ದಾಖಲಾಯಿತು.

ಜನವರಿಯ ಮೊದಲ ವಾರ ಬ್ರಾಹ್ಮಿ ಉಗಾರಕ್ಕೆ ಬಂದಳು. ತಮ್ಮನ ಅಭ್ಯಾಸ ನೋಡಲು ಎಂದಳು. ಚಹಾ ಕುಡಿದಳು. ಸುಜಯ ಹಿತ್ತಲಲ್ಲಿ ತಂಡದ ಹದಿನಾರು ಅಂಗಿ ಒಗೆದು ಹಗ್ಗಕ್ಕೆ ಹಾಕುತ್ತಿದ್ದ, ಅದನ್ನು ನೋಡಿದಳು. ಬೇರೆ ಮಾತಾಡದೆ ಹೋದಳು. ಕಾಕಾಸಾಹೇಬರಿಗೆ ಎಲ್ಲೋ ನೋಡಿದ ಪದ್ಧತಿ ಅನ್ನಿಸಿತು. ಎರಡನೇ ಸಲ ಬಂದವಳು ನೇರ ಸುಜಯನ ಅಂಗಡಿಗೆ ಹೋಗಿ ಒಂದು ತಾಸು ಮಾತಾಡಿದಳು. ಬಾಯಿಲ್ಲದ ಮಗ ಒಂದು ತಾಸು ಏನು ಮಾತಾಡಿದನೋ ದೇವರೇ ಬಲ್ಲ. ಆಕೆ ಮತ್ತೆ ಬರುತ್ತಾಳೆಂದು ತಿಳಿದ ದಿನ ಕಾಕಾಸಾಹೇಬರು ತಾವೇ ಅಂಗಳ ಗುಡಿಸಿ, ಚಪ್ಪಲಿಗಳನ್ನು ಸಾಲಾಗಿಟ್ಟು, ಇಸ್ತ್ರಿ ಅಂಗಿ ಹಾಕಿಕೊಂಡು ಕುಳಿತರು. ಮೂವತ್ತು ವರ್ಷ ಮಂದಿಯ ಮನೆ ನೋಡಿದವರಿಗೆ, ನೋಡಿಸಿಕೊಳ್ಳುವವರ ಎದೆ ಹೇಗೆ ಬಡಿಯುತ್ತದೆ ಎಂದು ಈಗ ತಿಳಿಯಿತು.

ಆ ಮೂರನೇ ಭೇಟಿಗೆ ಬ್ರಾಹ್ಮಿ ತಾಯಿಯನ್ನು ಕರೆತಂದಿದ್ದಳು. ಸಂದೇಶನೂ ಬಂದಿದ್ದ, ನಿಪ್ಪಾಣಿಯಲ್ಲಿ ಸೆಮಿಫೈನಲ್‌ವರೆಗೆ ತಂಡವನ್ನು ಎಳೆದೊಯ್ದು ಊರಲ್ಲಿ ಆಗಲೇ ಹೆಸರಾಗಿದ್ದ. ಬ್ರಾಹ್ಮಿ ಚೀಲದಿಂದ ಕಾಲು ಕಿಲೋ ಸಕ್ಕರೆಯ ಪೊಟ್ಟಣ ತೆಗೆದು ಸುಗಂಧಾಬಾಯಿಯ ಕೈಯಲ್ಲಿ ಇಟ್ಟಳು.

"ನಾಲ್ಕ ಮಗ್ಗ, ಅವ್ವ, ಎಲ್ಲಾ ಬಿಟ್ಟ ನಾ ಬರಾಕ ಆಗೂದಿಲ್ರಿ. ಬೋರಗಾಂವದಾಗ ಮೋಟರ್ ಸುತ್ತುವವರು ಬೇಕಾಗ್ಯಾರ, ಇವರೂ ಹೂಂ ಅಂದಾರ." ಸುಜಯನ ಕಡೆ ಒಮ್ಮೆ ನೋಡಿ ಮುಂದುವರಿದಳು: "ತಾಯಿ, ನಿಮ್ಮ ಮಗನ್ನ ಕಸಗೊಂಡ ಹೋಗಾಕತ್ತಿಲ್ರಿ. ಕಡಾ ಒಯ್ಯಾಕತ್ತೇನಿ. ಉಣಿಸಿ ತಿನಿಸಿ ರವಿವಾರಕ್ಕೊಮ್ಮೆ ತಂದ ಮುಟ್ಟಸ್ತೇನಿ."

ಸುಗಂಧಾಬಾಯಿ ಪೊಟ್ಟಣವನ್ನು ಎದೆಗೆ ಹಿಡಿದು ಗಂಡನನ್ನು ನೋಡಿದರು. ಕಾಕಾಸಾಹೇಬರಿಗೆ ಆ ಕ್ಷಣದಲ್ಲಿ, ತಾವು ಸಕ್ಕರೆ ಕೊಟ್ಟ ತಾಯಂದಿರ ಮುಖಗಳೆಲ್ಲ ಒಂದೊಂದಾಗಿ ನೆನಪಾದವು. ಅವರೆಲ್ಲ ಪೊಟ್ಟಣ ಹಿಡಿದು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. ಯಾಕೆ ನಿಲ್ಲುತ್ತಾರೆ ಎಂದು ಇವರು ಒಮ್ಮೆಯೂ ಯೋಚಿಸಿರಲಿಲ್ಲ.

"ಒಳ್ಳೇ ಜಾಗಾ ಸಿಕ್ಕವನ್ನ ನಾವು ಹಿಡದ ನಿಲ್ಲಸೂದಿಲ್ಲ" ಎಂದರು. ಆಮೇಲೆ ರೂಢಿಯಂತೆ ಬಾಯಿಂದ ಬಂದೇಬಿಟ್ಟಿತು: "ಕರಾರ ಎಷ್ಟ ವರ್ಷದ್ದು?"

ಸುಜಯ ಅಂದು ಮೊದಲ ಸಲ ಎಲ್ಲರೆದುರು ಬಾಯಿ ಬಿಟ್ಟ.

"ಜನ್ಮ ಪೂರ್ತಿದ್ದು ಅಪ್ಪಾ" ಎಂದ.

ಸುಗಂಧಾಬಾಯಿ ಕಣ್ಣೊರೆಸಿಕೊಂಡು, ಅದೇ ಪೊಟ್ಟಣ ಬಿಚ್ಚಿ ಎಲ್ಲರಿಗೂ ಚಹಾ ಇಟ್ಟರು.