ಪರದೆ ಆರಿಸಿ ಕೇಳುವವರು

ಬೀದಿ ದೀಪಗಳು ಇನ್ನೂ ಆರಿಲ್ಲ. ಊಟದ ಮೇಜಿನ ಮೂಲೆಯಲ್ಲಿ ಕುಳಿತ ಆಕೆ ಲ್ಯಾಪ್‌ಟಾಪಿನ ಪರದೆಯನ್ನು ಪೂರ್ತಿ ಕಪ್ಪಾಗಿಸಿ, ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚುತ್ತಾರೆ. ಯಂತ್ರದ ದನಿಯೊಂದು ಔಷಧಿ ಚೀಟಿಯನ್ನು ಗಡಿಬಿಡಿಯಲ್ಲಿ ಓದತೊಡಗುತ್ತದೆ. ಒಂದೂವರೆ ಎಂಬ ಅಳತೆ ಬಂದಲ್ಲಿ ಆಕೆಯ ಬೆರಳು ಮೇಜಿನ ಮೇಲೆ ನಿಲ್ಲುತ್ತದೆ. 'ಒಂದು ಪಾಯಿಂಟ್ ಐದು.' ಸರಿಯಾಗಿದೆ. ಆದರೂ ಮತ್ತೆ ಮೊದಲಿನಿಂದ ಕೇಳುತ್ತಾರೆ.

ಮೊಬೈಲಿನ ಅಕ್ಷರಗಳನ್ನು ಓದಿ ಹೇಳುವ ಈ ಸಾಫ್ಟ್‌ವೇರ್ ಯಾವ ಕಂಪನಿಯದೂ ಅಲ್ಲ. ಯಾರು ಬೇಕಾದರೂ ಪುಕ್ಕಟೆ ಪಡೆಯಬಹುದು, ಒಳಗೇನಿದೆ ಎಂದು ನೋಡಬಹುದು, ತಿದ್ದಿಯೂ ಕೊಡಬಹುದು. ಕಣ್ಣು ಕಾಣದ ಸಾವಿರಾರು ಮಂದಿ ಪತ್ರ, ಬಿಲ್ಲು, ಔಷಧಿ ಚೀಟಿ ಎಲ್ಲವನ್ನೂ ಇದರ ಬಾಯಿಂದಲೇ ಕೇಳಬೇಕು. ಏಳು ವರ್ಷದಿಂದ ಇದನ್ನು ನೋಡಿಕೊಳ್ಳುತ್ತಿರುವ ಈಕೆ ಹಗಲು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುತ್ತಾರೆ.

"ಒಬ್ಬರು ವರ್ಷ ವರ್ಷ ಬಂದು ದಪ್ಪ ಗಾಜು ಹಾಕಿಸ್ಕೊಂಡು ಹೋಗೋರು. ಒಂದಿನ, ಇನ್ನು ಯಾವ ಗಾಜೂ ಆಗಲ್ಲ ಸರ್ ಅಂತ ನಾನೇ ಹೇಳ್ಬೇಕಾಯ್ತು. ಹಾಗಾದ್ರೆ ಓದೋದು ಹೇಗಮ್ಮ ಅಂದ್ರು." ಆ ನಂತರವೇ ಆಕೆ ಸಂಜೆ ತರಗತಿಗೆ ಸೇರಿ ಕೋಡ್ ಬರೆಯಲು ಕಲಿತದ್ದು.

ಪತಿ ತೀರಿಕೊಂಡ ಮೇಲೆ ಈ ಎರಡು ಕೋಣೆಯ ಮನೆಯಲ್ಲಿ ಅವರೂ ನಾದಿನಿಯೂ ಇಬ್ಬರೇ. ನಾದಿನಿ ಕಾಫಿ ಲೋಟ ತಂದಿಟ್ಟು, ಮಾತಾಡಿಸಲು ಬಂದ ನಮ್ಮ ಎದುರೇ ಚುಚ್ಚುತ್ತಾರೆ: "ಹಗಲು ಕಣ್ಣಿದ್ದೋರ ಸೇವೆ, ಬೆಳಗಾಗೋ ಮೊದ್ಲು ಕಣ್ಣಿಲ್ಲದೋರ ಸೇವೆ. ಅತ್ತಿಗೆಗೆ ಎದುರಿಗಿರೋ ಕಾಫಿ ಮಾತ್ರ ಕಾಣಲ್ಲ." ಅತ್ತಿಗೆ ನಗುತ್ತಾರೆ. ಲೋಟ ಆರುತ್ತಲೇ ಇರುತ್ತದೆ.

ವರ್ಷಕ್ಕೊಮ್ಮೆ, ಸಂಬಳವಿಲ್ಲದೆ ಈ ಸಾಫ್ಟ್‌ವೇರ್ ತಿದ್ದುವವರ ತಂಡದ ಜಾಲಪುಟದಲ್ಲಿ ಸಾಧಿಸಿದ್ದನ್ನು ಬರೆಯುವುದು ವಾಡಿಕೆ. ಮೊದಲೆಲ್ಲ ಹತ್ತಾರು ಜನ ಸೇರಿ ಬರೆಯುತ್ತಿದ್ದರು, ಕೀಟಲೆಯೂ ಇರುತ್ತಿತ್ತು. ಉಳಿದವರು ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದರಿಂದ ಈ ಸಲ ಆಕೆ ಒಬ್ಬರೇ ಬರೆದಿದ್ದಾರೆ: ಹೊಸದಾಗಿ ಎರಡು ದನಿಗಳು ಬಂದವು, ಬಸ್ಸಿನ ವೇಳಾಪಟ್ಟಿ ಓದುವುದು ಸುಲಭವಾಯಿತು. ಎಡವಿದ್ದನ್ನೂ ಮುಚ್ಚಿಟ್ಟಿಲ್ಲ. ಸಾಲು ಮುಗಿದಾಗ ಕೇಳುತ್ತಿದ್ದ ಸಣ್ಣ 'ಟಿಕ್' ಸದ್ದನ್ನು ದೋಷವೆಂದು ತಿಳಿದು ಕಿತ್ತುಹಾಕಿದ್ದರು. ಬಳಸುವವರಿಗೆ ಅದೇ ಆಧಾರವಾಗಿತ್ತು. "ಕತ್ತಲಲ್ಲಿ ಇಳಿಯೋರ ಮೆಟ್ಟಿಲು ಕಿತ್ತಿದ್ದೀರಿ" ಎಂದು ಒಬ್ಬರು ಬರೆದರು. ಟಿಕ್ ವಾಪಸು ಬಂತು.

ತಂಡಕ್ಕೆ ಮೊದಲಿನಿಂದಲೂ ಒಂದು ಕಟ್ಟುಪಾಡಿದೆ. ತಾನು ಮಾಡಿದ ತಿದ್ದುಪಡಿಯನ್ನು ತಾನೇ ಒಪ್ಪಿ ಬಿಡುಗಡೆ ಮಾಡುವಂತಿಲ್ಲ, ಇನ್ನೊಬ್ಬರು ಕೋಡ್ ಓದಿ ನೋಡಲೇಬೇಕು. ಟಿಕ್‌ನ ಪ್ರಸಂಗದ ನಂತರ ಇನ್ನೊಂದು ಮಾತು ಸೇರಿತು: ಆ ಇನ್ನೊಬ್ಬರು ಪರದೆ ಆರಿಸಿ, ಕಿವಿಯಿಂದಲೂ ಪರೀಕ್ಷಿಸಬೇಕು. ಅಷ್ಟೂ ವರ್ಷ ಆ ಇನ್ನೊಬ್ಬರಾಗಿದ್ದ ಜೊತೆಗಾರ ಈಗ ತಂಡದಲ್ಲಿಲ್ಲ. "ಅಕ್ಕ, ಸಾಕಾಗಿದೆ. ಇನ್ನು ನನ್ನನ್ನ ಲೆಕ್ಕಕ್ಕಿಟ್ಕೋಬೇಡಿ" ಎಂಬುದು ಅವರ ಕೊನೆಯ ಸಂದೇಶ.

"ಕೋಪ ಇಲ್ಲ. ಪಾಪ, ಅವರಿಗೂ ಸಂಸಾರ ಇದೆ" ಎನ್ನುತ್ತಾರೆ ಆಕೆ. ಕಾಫಿ ಲೋಟ ಪಕ್ಕಕ್ಕೆ ಸರಿಸುತ್ತಾ, "ಅವರ ಮುಖ ನಾನು ನೋಡೇ ಇಲ್ಲ, ಮಾತೆಲ್ಲ ಫೋನಲ್ಲೇ. ಬಸ್ಸಲ್ಲಿ ಪಕ್ಕದಲ್ಲೇ ಕೂತಿದ್ರೂ, ಬಾಯಿ ಬಿಡೋವರೆಗೂ ಗುರುತು ಸಿಗಲ್ಲ."

ಈಗ ಎದೆ ಮೇಲೆ ಕೂತಿರುವುದು ಔಷಧಿ ಚೀಟಿ. ಜೊತೆಗಾರ ಹೋಗುವ ಮೊದಲು ಇಬ್ಬರೂ ಸೇರಿ ಬಿಡುಗಡೆ ಮಾಡಿದ ಆವೃತ್ತಿ, ವೇಗವಾಗಿ ಓದಿಸಿದರೆ ಸಂಖ್ಯೆಯ ನಡುವಿನ ಬಿಂದುವನ್ನು ನುಂಗುತ್ತದೆ. ಒಂದೂವರೆ ಮಿಲಿಲೀಟರ್ ಹದಿನೈದಾಗುತ್ತದೆ. ಹಳೆಯದಕ್ಕೆ ಮರಳೋಣವೆಂದರೆ ಹೊಸ ಫೋನುಗಳಲ್ಲಿ ಅದು ನಡೆಯದು. 'ಸಂಖ್ಯೆಗಳನ್ನು ನಿಧಾನವಾಗಿ ಓದಿಸಿ' ಎಂದು ಎಚ್ಚರಿಕೆ ಹಾಕಿದ್ದಾರೆ. ಎಲ್ಲರೂ ಅದನ್ನು ಕೇಳಿಸಿಕೊಂಡಿದ್ದಾರೆಂದು ಹೇಳುವುದು ಹೇಗೆ? ತಿದ್ದುಪಡಿ ಸಿದ್ಧವಾಗಿ ಎರಡು ವಾರ ಕಳೆದಿದೆ. ಪರೀಕ್ಷಿಸಲು ಬನ್ನಿ ಎಂದು ವರ್ಷದ ಬರಹದ ಕೊನೆಗೆ ಕೇಳಿಕೊಂಡಿದ್ದಾರೆ. ಹಲವರು ಮೆಚ್ಚಿದ್ದಾರೆ. ಯಾರೂ ಬಂದಿಲ್ಲ.

"ನೀವೇ ಬಿಡುಗಡೆ ಮಾಡ್ಬಿಡಿ ಅತ್ತಿಗೆ, ಯಾರು ಕೇಳ್ತಾರೆ?"

"ಯಾರೂ ಕೇಳಲ್ಲ. ಅದೇ ಭಯ."

"ಹಾಗಾದ್ರೆ ನಾನೇ ಕಣ್ಮುಚ್ಕೊಂಡು ಕೇಳ್ತೀನಿ."

"ನೀನು ಕಣ್ಮುಚ್ಚಿದ್ರೆ ಗೊರಕೆ ಕೇಳುತ್ತೆ. ಕೋಡ್ ಓದೋಕೂ ಬರ್ಬೇಕಲ್ಲಮ್ಮ."

ಅಂಗಡಿಗೆ ಹೊರಡುವ ಹೊತ್ತು. ಚೀಲ ಹೆಗಲಿಗೇರಿಸಿಕೊಂಡೇ ಆಕೆ ಇನ್ನೊಮ್ಮೆ ಪುಟ ತೆರೆಯುತ್ತಾರೆ. ಒಂದು ಉತ್ತರ ಬಂದಿದೆ. ಬರೆದವರು ಫೋನ್ ಆಪರೇಟರ್, ಹುಟ್ಟಿನಿಂದ ಕಣ್ಣು ಕಾಣದು, ಕೇಳುತ್ತಲೇ ಕೋಡ್ ಬರೆಯುವುದನ್ನು ಕಲಿತವರು. ಹೊಗಳಿಕೆಯ ಒಂದು ಪದವೂ ಇಲ್ಲ. 'ನಿಮ್ಮ ತಿದ್ದುಪಡಿ ಓದಿದೆ, ಕೇಳಿದೆ. ಸಂಖ್ಯೆ ಸಾಲಿನ ಕೊನೆಗೆ ಬಂದರೆ ಈಗಲೂ ಬಿಂದು ಬಿದ್ದುಹೋಗುತ್ತಿದೆ. ಟಿಕ್ ಸದ್ದು ಅದರ ಮೇಲೆ ಕೂರುತ್ತಿದೆ. ಒಪ್ಪಲಾರೆ.'

ಆಕೆ ಎರಡು ಸಲ ಓದುತ್ತಾರೆ. ಚೀಲ ಕೆಳಗಿಳಿಯುತ್ತದೆ.

"ಏನಂತೆ?" ಒಳಗಿನಿಂದ ನಾದಿನಿ.

"ತಪ್ಪಿದೆಯಂತೆ" ಎನ್ನುವ ಆಕೆಯ ಮುಖ, ನಾವು ಬಂದಾಗಿನಿಂದ ಮೊದಲ ಬಾರಿಗೆ, ಹಗುರವಾಗಿದೆ. ಅಂಗಡಿಗೆ ತಡವಾಗಿ ಬರುವುದಾಗಿ ಫೋನ್ ಮಾಡಿ, ಕುರ್ಚಿ ಮುಂದಕ್ಕೆಳೆದುಕೊಳ್ಳುತ್ತಾರೆ.

"ಇವತ್ತು ಬಿಡುಗಡೆ ಮಾಡೋಕಾಗಲ್ಲ. ನಾಳೆನೂ ಆಗುತ್ತೋ ಇಲ್ವೋ. ಆದ್ರೆ ನೋಡಿ, ಈಗ ಇಬ್ರಿದ್ದೀವಿ."