ಕೆಂಚನಗುಡ್ಡದ ಸಾಣೆಕಲ್ಲು

ಬೆಳಿಗ್ಗೆ ಹನ್ನೊಂದು ಗಂಟೆ ಹದಿನೇಳು ನಿಮಿಷಕ್ಕೆ ನೀರು ಬಣ್ಣ ಬದಲಿಸಿತು. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದು ಆ ಹೊತ್ತಿನ ಫೋಟೊ ನನ್ನ ಮೊಬೈಲಿನಲ್ಲಿ ಇರುವುದರಿಂದ. ಫೋಟೊದಲ್ಲಿ ಅಪ್ಪ ತುಂಗಭದ್ರೆಯ ನಡುವೆ ಒಂದು ಬಂಡೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಾನೆ. ಎಡಗೈಯಲ್ಲಿ ಅಂಗೈಯಗಲದ ಹಸಿರುಗಪ್ಪು ಕಲ್ಲು, ಬಲಗೈಯಲ್ಲಿ ಬಿಚ್ಚಿದ ಕ್ಷೌರದ ಕತ್ತಿ. ನಗುತ್ತಿದ್ದಾನೆ. ಅವನ ಕಾಲ ಬಳಿಯ ನೀರು ಬೂದಿ ಕದಡಿದ ಹಾಗಿದೆ. ಅದನ್ನು ನೋಡಿಯೇ ನಾವಿಬ್ಬರೂ ಖುಷಿಪಟ್ಟದ್ದು.

ಅಪ್ಪನದು ಕುರುಗೋಡಿನಲ್ಲಿ ಕ್ಷೌರದ ಅಂಗಡಿ. ಈಗ ಎಲ್ಲ ಕಡೆ ಇರುವ ಹಾಗೆ ಅಲ್ಲಿಯೂ ಅರ್ಧ ಬ್ಲೇಡು ಸಿಕ್ಕಿಸಿ, ಕೆಲಸ ಮುಗಿದ ಮೇಲೆ ಎಸೆಯುವುದೇ ರೂಢಿ. ಆದರೆ ನಮ್ಮ ಅಜ್ಜನ ಕಾಲದ ಒಂದು ಕತ್ತಿ ಮನೆಯಲ್ಲಿದೆ. ಕೋಡಿನ ಹಿಡಿಯೊಳಕ್ಕೆ ಮಡಚಿಕೊಳ್ಳುತ್ತದೆ, ಅಗಲವಾದ ಬೆನ್ನು, ಮಸೆದು ಮಸೆದು ಸವೆದ ಅಲಗು. ಮನೆಯ ಕೂಸುಗಳ ಜವಳಕ್ಕೆ ಮಾತ್ರ ಅದು ಹೊರಗೆ ಬರುತ್ತದೆ. ಮೊದಲ ಸಲ ಕೂದಲು ತೆಗೆಯುವ ಆ ದಿನಕ್ಕೆ ಅದನ್ನು ಅಂಗಡಿಯ ಸಾಣೆಕಲ್ಲಿಗೆ ತಾಕಿಸುವುದಿಲ್ಲ. ಪ್ರತಿ ಕೂಸಿಗೂ ಹೊಳೆಯಿಂದ ಒಂದು ಹೊಸ ಕಲ್ಲು. ಕಲ್ಲು ಸಿಕ್ಕ ಜಾಗದಲ್ಲೇ, ಹರಿಯುವ ನೀರಿನಲ್ಲೇ ಮೊದಲ ಮಸೆತ. ಕೈ ಹಚ್ಚಿದ ಮೇಲೆ ಅಲಗು ಬರುವ ತನಕ, ಅಂದರೆ ಕತ್ತಿ ಹರಿತವಾಗುವ ತನಕ, ಎದ್ದೇಳುವ ಹಾಗಿಲ್ಲ. ಯಾಕೆ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. “ಅಂಗಡಿ ಕಲ್ಲು ಊರ ಮಂದೀದು ಯವ್ವಾ. ಇದು ನಮ್ಮ ಕೂಸಿಂದು” ಎಂದಿದ್ದ. ಅಷ್ಟೇ ಕಾರಣ.

ಈ ಸಲದ ಕೂಸು ನನ್ನ ಮಗ. ನಾವು ಇರುವುದು ಬಳ್ಳಾರಿಯ ಗಾಂಧಿನಗರದಲ್ಲಿ, ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಕೆಲಸ. ಗಂಡನ ಮನೆ ಸಿರುಗುಪ್ಪ. ರಜೆಗೆ ಅಲ್ಲಿಗೆ ಬಂದಿದ್ದಾಗ ಅಪ್ಪ ಕುರುಗೋಡಿನಿಂದ ಬಸ್ಸಿನಲ್ಲಿ ಬಂದ, ಕತ್ತಿಯನ್ನು ಟವೆಲಿನಲ್ಲಿ ಸುತ್ತಿಕೊಂಡು. ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಹಾಲಿನ ಹೊತ್ತಿಗೆ ಬಂದುಬಿಡುತ್ತೇನೆ ಎಂದು ಹೇಳಿ, ಅಪ್ಪನ ಜೊತೆ ಆಟೊ ಹತ್ತಿ ಹೊಳೆದಂಡೆಯ ಕೆಂಚನಗುಡ್ಡಕ್ಕೆ ಹೋದೆ.

ಹೊಳೆ ಇಳಿದಿತ್ತು. ದಡದಿಂದ ನಡುವಿನ ಬಂಡೆಯವರೆಗೆ ಗುಂಡುಗಲ್ಲುಗಳು ಸಾಲಾಗಿ ತಲೆ ಎತ್ತಿದ್ದವು, ಚಪ್ಪಲಿ ಒದ್ದೆಯಾಗದಂತೆ ದಾಟಿದೆವು. ಅಪ್ಪ ಕಲ್ಲುಗಳನ್ನು ಆರಿಸತೊಡಗಿದ. ಒಂದೊಂದರ ಮೇಲೂ ನೀರು ಚಿಮುಕಿಸಿ ಕಾಯುವನು. ನೀರು ಬೇಗ ಒಳಗಿಳಿದರೆ ಆ ಕಲ್ಲು ಬಿರುಸು, ಅಲಗನ್ನು ತಿನ್ನುತ್ತದೆ. ಮೇಲೆಯೇ ನಿಂತರೆ ಉಗುರಿನಿಂದ ಗೀರಿ, ಕೆನ್ನೆಗೆ ಒತ್ತಿಕೊಂಡು ನೋಡುವನು. ಬಹಳ ಹೊತ್ತಿನ ಮೇಲೆ ಈ ಹಸಿರುಗಪ್ಪು ಕಲ್ಲು ಸಿಕ್ಕಿತು.

“ನೋಡಿಲ್ಲಿ, ನಿನ್ನ ಮಗನ ಕೆನ್ನಿ ಇದ್ದಂಗೈತಿ.”

“ನನ್ನ ಮಗ ಅಷ್ಟು ಕರ್ರಗ ಅದಾನೇನಪ್ಪಾ?”

“ನುಣುಪು ಅಂದೆ. ಬಣ್ಣ ನಿನ್ನ ಗಂಡನ ಮನಿ ಕಡೀದು, ಅದಕ್ಕ ನಾ ಏನ್ ಮಾಡ್ಲಿ?”

ಅಪ್ಪ ಕತ್ತಿಯನ್ನು ಕಲ್ಲಿನ ಮೇಲೆ ಮಲಗಿಸಿದ. ಬೆನ್ನು ಮತ್ತು ಅಲಗು ಎರಡೂ ಕಲ್ಲಿಗೆ ತಾಕಿರಬೇಕು, ಅಲಗು ಮುಂದಾಗಿ ಹೋಗಬೇಕು, ತುದಿಯಲ್ಲಿ ಬೆನ್ನಿನ ಮೇಲೆ ಮಗುಚಿ ಹಿಂದಕ್ಕೆ ಬರಬೇಕು. ಕೈಗೆ ಬಲವಿಲ್ಲದವನ ಹಾಗೆ ತಳ್ಳುತ್ತಾನೆ, ಕತ್ತಿ ತನ್ನ ಭಾರದಲ್ಲಿ ತಾನೇ ಹೋಗುತ್ತದೆ. ಒಳ್ಳೆಯ ಕಲ್ಲಾದರೆ ಸವೆದ ಪುಡಿ ನೀರಿನಲ್ಲಿ ಕಲೆತು ಬೂದುಬಣ್ಣದ ರಾಡಿ ಏಳುತ್ತದೆ. ಅದಕ್ಕೆ ಅಪ್ಪ ಕಲ್ಲಿನ ಹಾಲು ಎನ್ನುತ್ತಾನೆ. ಅಲಗನ್ನು ನುಣುಪು ಮಾಡುವುದು ಆ ಹಾಲೇ. ಅದನ್ನು ತೊಳೆಯಬಾರದು, ಅದರಲ್ಲೇ ಮಸೆಯಬೇಕು.

ಅವನು ಕಲ್ಲನ್ನು ಆಗಾಗ ನೀರಿಗೆ ಅದ್ದುತ್ತಿದ್ದ. ಸ್ವಲ್ಪ ಹೊತ್ತಿಗೆ ಕಾಲ ಬಳಿಯ ಮಡುವೆಲ್ಲ ಬೂದುಬಣ್ಣವಾಯಿತು.

“ಯವ್ವಾ, ನೋಡಬಾ! ಏನು ಹಾಲು ಬಿಡಾಕತ್ತೈತಿ! ಇಂಥಾ ಕಲ್ಲು ನಮ್ಮಪ್ಪಗೂ ಸಿಕ್ಕಿದ್ದಿಲ್ಲ.”

ನಾನು ಫೋಟೊ ತೆಗೆದು ಗಂಡನಿಗೆ ಕಳಿಸಿದೆ.

ಅಂಗೈಯಗಲದ ಕಲ್ಲು ಒಂದು ಮಡುವನ್ನು ಕದಡುವುದಿಲ್ಲ. ಅದು ಕಲ್ಲಿನ ಹಾಲಾಗಿರಲಿಲ್ಲ, ಮೇಲಿನಿಂದ ಎರೆಮಣ್ಣು ತೊಳೆದುಕೊಂಡು ಬರುತ್ತಿದ್ದ ಹೊಸ ನೀರು. ಮೇಲೆ ಮಳೆಯಾಗಿತ್ತೋ, ಎಲ್ಲಿಂದಾದರೂ ನೀರು ಬಿಟ್ಟಿದ್ದರೋ ನಮಗೆ ಇವತ್ತಿಗೂ ತಿಳಿಯದು. ಕಲ್ಲು ಮಸೆಯದ ಯಾರೇ ಆಗಿದ್ದರೂ ನೀರು ಕದಡಿದ್ದು ಕಂಡು ದಡಕ್ಕೆ ಓಡುತ್ತಿದ್ದರು. ನಾವು ಹಾಲು ಬಂತೆಂದು ಹಿಗ್ಗಿ ಕೂತೆವು. ಫೋಟೊವನ್ನು ಹಿಗ್ಗಿಸಿದರೆ ಅಪ್ಪನ ಮೊಣಕೈಯ ಹಿಂದೆ, ನಾವು ದಾಟಿ ಬಂದ ಗುಂಡುಗಲ್ಲುಗಳು ಕಾಣುತ್ತವೆ. ಮೂರರ ತಲೆ ಆಗಲೇ ಒದ್ದೆಯಾಗಿದೆ.

ನಾನು ಹಿಂತಿರುಗಿ ನೋಡಿದಾಗ ಆ ಸಾಲೇ ಇರಲಿಲ್ಲ. ಅದಿದ್ದ ಕಡೆ ನೀರು ಹೆಣಿಗೆಯ ಹಾಗೆ ಮಡಿಕೆ ಮಡಿಕೆಯಾಗಿ ಓಡುತ್ತಿತ್ತು.

“ಅಪ್ಪಾ, ಏಳು. ನೀರು ಏರೈತಿ.”

“ತಡಿ, ಇನ್ನೊಂದೀಟು. ಅಲಗು ಬಂತು.”

“ಅಪ್ಪಾ!”

ಆಗ ತಲೆ ಎತ್ತಿದ. ಅವನಿಗೂ ಈಜು ಬಾರದು, ನನಗೂ ಬಾರದು.

ಗಂಡನಿಗೆ ಫೋನು ಮಾಡಿದೆ. “ಒಂದು ಹೆಜ್ಜಿನೂ ನೀರಾಗ ಇಡಬ್ಯಾಡ್ರಿ. ಮಾವಗ ಹೇಳು. ತೆಪ್ಪದವನ್ನ ಕರ್ಕೊಂಡು ಬರ್ತೀನಿ, ಅಲ್ಲೇ ಇರ್ರಿ” ಎಂದ. ಎಲ್ಲಿಗೆ ಹೋಗುವುದಿತ್ತು ನಾವು? ಬಂದಾಗ ಆ ಬಂಡೆ ನಮ್ಮ ಮನೆಯ ಪಡಸಾಲೆಯಷ್ಟಿತ್ತು. ಈಗ ಒಂದು ಮಂಚದಷ್ಟು ಉಳಿದಿತ್ತು. ದಡ ಕಾಣುತ್ತಿತ್ತು, ದಡದ ಮೇಲೆ ಯಾರದೋ ಎಮ್ಮೆ ನಮ್ಮನ್ನೇ ನೋಡುತ್ತ ಮೆಲುಕು ಹಾಕುತ್ತಿತ್ತು. ಕೂಗಿದರೆ ಕೇಳುವಷ್ಟು ಹತ್ತಿರ. ಕೂಗಿದೆ. ಎಮ್ಮೆ ಕಿವಿ ಆಡಿಸಿತು.

ಮಗುವಿನ ಹಾಲಿನ ಹೊತ್ತು ಆಯಿತು. ಗಡಿಯಾರ ನೋಡಬೇಕಿರಲಿಲ್ಲ, ಎದೆ ಬಿಗಿದು ಕುಪ್ಪಸ ಒದ್ದೆಯಾಯಿತು. ಅದನ್ನು ಅಪ್ಪ ಕಂಡನೋ ಏನೋ, ಒಮ್ಮೆಲೇ ಎದ್ದು ನಿಂತ.

“ನಾ ಮುಂದ ಹೋಗ್ತೀನಿ. ನೀ ನನ್ನ ಪಂಚಿ ಹಿಡ್ಕೊಂಡು ಬಾ. ಕಲ್ಲು ಎಲ್ಲೈತಿ ನನಗ ಗೊತ್ತೈತಿ, ಕಾಲಿಗೆ ಸಿಕ್ತೈತಿ.”

“ಬ್ಯಾಡಪ್ಪಾ. ಅವರು ಬರಾಕತ್ತಾರ.”

“ಕೂಸು ಅಳ್ತಿರ್ತೈತಿ ಅಲ್ಲಿ.”

“ಅಳ್ಲಿ! ಅತ್ತಿ ಅದಾರ.”

ಅವನು ಕೇಳಲಿಲ್ಲ. ಒಂದು ಕಾಲು ಇಳಿಸಿದ. ನೀರು ಚಪ್ಪಲಿಯನ್ನು ಕಿತ್ತುಕೊಂಡಿತು, ಕಾಲೂ ಅದರ ಹಿಂದೆ ಹೋಯಿತು. ಅಪ್ಪ ಒಂದು ಮಗ್ಗುಲಿಗೆ ಬಿದ್ದು ಸೊಂಟದವರೆಗೆ ಜಾರಿದ. ನಾನು ಬಂಡೆಯ ಮೇಲೆ ಬೋರಲು ಬಿದ್ದು ಅವನ ತೋಳನ್ನು ಎರಡೂ ಕೈಯಿಂದ ಹಿಡಿದೆ. ಹಿಡಿದದ್ದು ಬಲತೋಳು. ಆ ತೋಳಿನ ತುದಿಯಲ್ಲಿ ಕತ್ತಿ ಬಿಚ್ಚಿಕೊಂಡೇ ಇತ್ತು, ಅಲಗು ಬರುವುದರಲ್ಲಿದ್ದ ಕತ್ತಿ. ನಾನು ಎಳೆದಷ್ಟೂ ಅದು ನನ್ನ ಕುತ್ತಿಗೆಯ ಕಡೆಗೆ ಬರುತ್ತಿತ್ತು. ಅದರ ಮೇಲೆ ಕಲ್ಲಿನ ಬೂದು ಹಾಲು ಒಣಗುತ್ತಿದ್ದದ್ದೂ ನನಗೆ ಕಂಡಿತು. ಅಷ್ಟು ಹತ್ತಿರ.

“ಕತ್ತಿ ಬಿಡು!”

“ಬಿಡಾಕ ಬರಂಗಿಲ್ಲ!”

ಬೆರಳು ಬಿಗಿದುಕೊಂಡಿದ್ದವೋ, ಬಿಡಲು ಮನಸ್ಸಿರಲಿಲ್ಲವೋ ನಾನು ಕೇಳಿಲ್ಲ. ಅಪ್ಪ ಮಣಿಕಟ್ಟನ್ನು ತಿರುಗಿಸಿ ಕತ್ತಿಯ ಬೆನ್ನನ್ನು ನನ್ನ ಕಡೆಗೆ ಮಾಡಿದ. ಯಾವ ಗಿರಾಕಿ ಕುರ್ಚಿಯಲ್ಲಿ ಹಠಾತ್ತನೆ ಸೀನಿದರೂ ಅವನ ಕೈ ಮಾಡುವ ಕೆಲಸ ಅದು. ಆಮೇಲೆ ನಾನು ಎಳೆದೆ. ಮೊಣಕಾಲು ತರಚಿಕೊಂಡು ಅವನು ಮೇಲೆ ಬಂದ.

ಇಬ್ಬರೂ ನಿಲ್ಲುವಷ್ಟೇ ಜಾಗ ಉಳಿದಿತ್ತು. ನೀರು ಹಿಮ್ಮಡಿಗೆ ತಾಕುತ್ತಿತ್ತು. ಕತ್ತಿ ಮಡಚು ಎಂದೆ.

“ಒದ್ದಿ ಕತ್ತಿ ಮುಚ್ಚಬಾರದು ಯವ್ವಾ. ತುಕ್ಕು ಹಿಡಿತೈತಿ.”

ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ. ನನ್ನ ಸೆರಗಿನ ತುದಿ ಒಣಗಿತ್ತು, ಚಾಚಿದೆ. ಹೊಳೆಯ ನಡುವೆ ನಿಂತು ಅಪ್ಪ ಅಲಗನ್ನು ಒಂದು ಬದಿ ಒರೆಸಿದ, ಮಗುಚಿ ಇನ್ನೊಂದು ಬದಿ ಒರೆಸಿದ, ಹಿಡಿಯ ಸಂದಿಯನ್ನೂ ಒರೆಸಿದ. ಆಮೇಲೆ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಕಲ್ಲನ್ನು ಟವೆಲಿನಲ್ಲಿ ಗಂಟು ಹಾಕಿದ.

ಬುಟ್ಟಿಯಂಥ ದುಂಡು ತೆಪ್ಪ ಹೊಳೆಯ ಬಹಳ ಮೇಲಿನಿಂದ ಓರೆಯಾಗಿ ಬಂತು. ನಾನು ಅದರ ಕಡೆಗೆ ಬಾಗಿದೆನೆಂದು ತೆಪ್ಪದವನು ಮೊದಲು ತೆಲುಗಿನಲ್ಲಿ ಬೈದು, ಆಮೇಲೆ ಕನ್ನಡದಲ್ಲಿ ಕೂಗಿದ: “ಕದಲಬ್ಯಾಡ್ರಿ! ತೆಪ್ಪ ಬಂಡೀಗೆ ತಾಕೋಮಟ ಗೊಂಬಿ ನಿಂತಂಗ ನಿಲ್ರಿ!” ತಾಕಿತು. ಹುಟ್ಟಿನಿಂದ ಬಂಡೆಯನ್ನು ಒತ್ತಿಹಿಡಿದು ಅಪ್ಪನನ್ನು ಮೇಲಿನಿಂದ ಕೆಳಗೆ ನೋಡಿದ. ಸೊಂಟದಲ್ಲಿ ಕತ್ತಿ, ಕೈಯಲ್ಲಿ ಗಂಟು, ಒಂದೇ ಚಪ್ಪಲಿ.

“ಏನ್ರೀ ಯಜಮಾನ್ರ, ಹೊಳಿಯಾಗ ಅಂಗಡಿ ಇಟ್ಟೀರೇನು? ಗಿರಾಕಿ ಯಾರು, ಮೀನಾ?”

“ನಿನಗೂ ಗಡ್ಡ ಬಂದೈತಲ್ಲೋ” ಎಂದ ಅಪ್ಪ.

“ಮೊದಲು ಹತ್ರಿ, ಗಡ್ಡ ಆಮ್ಯಾಲ. ಆ ಗಂಟಿನಾಗ ಏನೈತಿ? ಕಲ್ಲಾ? ಒಗೀರಿ ಅತ್ಲಾಗ.”

ಅಪ್ಪ ಒಗೆಯಲಿಲ್ಲ. ತೆಪ್ಪ ಬುಗುರಿಯ ಹಾಗೆ ಸುತ್ತುತ್ತ ಕೆಳಗೆ ಹೋಗಿ, ದೂರದಲ್ಲಿ ದಡಕ್ಕೆ ಹತ್ತಿತು. ನನ್ನ ಗಂಡ ಕೆಸರಿನಲ್ಲಿ ಓಡಿ ಬಂದು ತೆಪ್ಪದ ಅಂಚನ್ನೇ ತಬ್ಬಿ ಹಿಡಿದುಕೊಂಡ. ಹಿಂತಿರುಗಿ ನೋಡಿದೆ. ಬಂಡೆ ಎಲ್ಲಿತ್ತೆಂದು ತೋರಿಸಲೂ ಆಗುತ್ತಿರಲಿಲ್ಲ.

ಗಾಂಧಿನಗರಕ್ಕೆ ವಾಪಸು ಬಂದೆವು, ಆದರೆ ನಾನು ಆ ಬಂಡೆಯಿಂದ ಇಳಿದಿರಲಿಲ್ಲ. ಮಲಗಿದರೆ ಹಾಸಿಗೆ ಅಷ್ಟಷ್ಟೇ ಚಿಕ್ಕದಾಗುತ್ತಿತ್ತು. ಕಣ್ಣು ಹತ್ತಿದ ಕೂಡಲೇ ಹಿಮ್ಮಡಿ ತಣ್ಣಗಾಗಿ ಎಚ್ಚರವಾಗುವುದು, ಕುತ್ತಿಗೆಗೆ ಕೈ ಹೋಗುವುದು. ಲ್ಯಾಬಿನಲ್ಲಿ ನನ್ನ ಕೆಲಸವೇ ಗಾಜಿನ ನಳಿಗೆಗಳಲ್ಲಿ ಯಾವುದು ತಿಳಿ, ಯಾವುದು ಕಲಕು ಎಂದು ನೋಡುವುದು. ಒಂದು ಕದಡಿದರೆ ಸಾಕು, ಕೈ ನಿಲ್ಲುತ್ತಿತ್ತು, ಬಾಗಿಲ ಕಡೆ ನೋಡುತ್ತಿದ್ದೆ. “ಏನ್ ಮೇಡಂ, ಯಾರರ ಬರೋರದಾರೇನು?” ಎಂದು ಪಕ್ಕದವಳು ಕೇಳುವಳು. ಇಲ್ಲ ಎಂದು ಮುಂದಿನ ನಳಿಗೆ ಎತ್ತಿಕೊಳ್ಳುತ್ತಿದ್ದೆ. ಬಿಡುವಾದಾಗೆಲ್ಲ ಆ ಫೋಟೊ ತೆಗೆದು, ಅಪ್ಪನ ಮೊಣಕೈಯ ಹಿಂದಿನ ಮೂರು ಕಲ್ಲುಗಳನ್ನು ಹಿಗ್ಗಿಸಿ ನೋಡುವೆ. ಅಳಿಸು ಎಂದು ಗಂಡ ಹೇಳಿದ. ಅಳಿಸಲು ಕೈ ಬರಲಿಲ್ಲ.

ಜವಳ ಮುಂದಕ್ಕೆ ಹೋಗುತ್ತಲೇ ಇತ್ತು. ಅಪ್ಪ ಫೋನು ಮಾಡಿದರೆ ಆ ಮಾತೇ ಎತ್ತುತ್ತಿರಲಿಲ್ಲ. ಕೊನೆಗೆ ಒಂದು ದಿನ, “ಬ್ಲೇಡಿನಾಗ ತೆಗೆದುಬಿಡ್ಲೇನವ್ವಾ? ಈಗ ಎಲ್ಲಾರೂ ಹಂಗ ಮಾಡ್ತಾರ” ಎಂದ. ಆ ದನಿಯಿಂದಲೇ ತಿಳಿಯಿತು, ಕಲ್ಲು ಗಂಟಿನಿಂದ ಇನ್ನೂ ಹೊರಗೆ ಬಂದಿಲ್ಲ.

“ನಾ ಬರ್ತೀನಿ, ತಡಿಯಪ್ಪಾ” ಎಂದೆ.

ಮಗುವನ್ನೂ ಗಂಡನನ್ನೂ ಕರೆದುಕೊಂಡು ಕುರುಗೋಡಿಗೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಕನ್ನಡಿಯ ಕೆಳಗಿನ ಗೂಡಿನಲ್ಲಿ ಟವೆಲಿನ ಗಂಟು ಹಾಗೇ ಇತ್ತು, ಹೊಳೆಯ ಮಣ್ಣು ಒಣಗಿ ಉದುರುತ್ತಿತ್ತು. ಗಂಟು ನಾನೇ ಬಿಚ್ಚಿದೆ. ಅಗಲವಾದ ತಾಟಿನಲ್ಲಿ ನೀರು ಹಾಕಿ ಕಲ್ಲನ್ನು ಅದರಲ್ಲಿಟ್ಟೆ.

“ಹೊಳಿ ದಂಡಿಯಾಗ ಮಾಡಬೇಕಿತ್ತು” ಎಂದ ಅಪ್ಪ.

“ಶುರು ಅಲ್ಲೇ ಮಾಡೀಯಲ್ಲ. ಅರ್ಧಕ್ಕ ಬಿಟ್ಟಿ. ಮುಗಿಸು.”

ಕತ್ತಿಯನ್ನು ಬಿಚ್ಚಿದ. ಎಲ್ಲೂ ತುಕ್ಕು ಇರಲಿಲ್ಲ. ನನಗೆ ತೋರಿಸಿದ. ಮಸೆಯತೊಡಗಿದ. ಬೆನ್ನಿನ ಮೇಲೆ ಮಗುಚಿ ಆಚೆ, ಮಗುಚಿ ಈಚೆ. ತಾಟಿನ ನೀರಿನಲ್ಲಿ ಒಂದು ಬೂದು ಎಳೆ ಬಿಟ್ಟುಕೊಂಡಿತು, ಹರಡಿತು. ನಾನು ಬಾಗಿಲ ಕಡೆ ತಿರುಗಿದೆ. ಅಪ್ಪನೂ ಅದೇ ಗಳಿಗೆಗೆ ಕತ್ತಿ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದ. ಹೊರಗೆ ಬಿಸಿಲು, ಧೂಳು, ನಿಂತ ಒಂದು ಟ್ರ್ಯಾಕ್ಟರು.

“ಹೊಳಿ ಕುರುಗೋಡಿಗೆ ಬರಂಗಿಲ್ಲೇಳು” ಎಂದ ನನ್ನ ಗಂಡ, ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದವನು.

“ಬಂದ್ರ ನಿಮ್ಮ ತೆಪ್ಪದವಗ ಫೋನು ಮಾಡ್ರಿ ಅಳಿಯಂದ್ರ. ಅವನ ಗಡ್ಡ ಬಾಕಿ ಐತಿ” ಎಂದ ಅಪ್ಪ. ಮತ್ತೆ ತಲೆ ಬಗ್ಗಿಸಿದ. ಈ ಸಲ ನಿಲ್ಲಿಸಲಿಲ್ಲ. ನಾನೂ ತಾಟಿನಿಂದ ಕಣ್ಣು ತೆಗೆಯಲಿಲ್ಲ. ನೀರು ಎಷ್ಟು ಕದಡಬೇಕೋ ಅಷ್ಟು ಕದಡಿತು, ಒಂದು ತಾಟಿನಷ್ಟು. ಅಂಚು ದಾಟಲಿಲ್ಲ. ಚರ್ಮದ ಪಟ್ಟಿಯ ಮೇಲೆ ಅಲಗನ್ನು ಎಳೆದು, ಮುಂಗೈಯ ಒಂದು ಕೂದಲಿಗೆ ತಾಕಿಸಿದ. ಕೂದಲು ಉದುರಿತು.

ಮರುದಿನ ಬೆಳಿಗ್ಗೆ ಮನೆಯ ಅಂಗಳದಲ್ಲಿ ಜವಳ. ಮಗುವನ್ನು ತೊಡೆಯ ಮೇಲೆ ಹಿಡಿದುಕೊಳ್ಳಬೇಕಾದವಳು ನಾನೇ. ಕತ್ತಿ ಬಿಚ್ಚಿದಾಗ ನನ್ನ ಕೈ ನನ್ನ ಕುತ್ತಿಗೆಗೆ ಹೋಯಿತು. ಅಪ್ಪ ನೋಡಿದ, ಕಾದ. ಕೈ ಇಳಿಸಿ ಮಗುವಿನ ಗದ್ದ ಹಿಡಿದೆ. ಅಲಗು ಹಣೆಯ ಮೇಲಿನಿಂದ ಹಿಂದಕ್ಕೆ ಹೋಯಿತು, ಸದ್ದೇ ಇರಲಿಲ್ಲ. ಮಗ ನೊಣ ಕೂತಂತೆ ಒಮ್ಮೆ ಹುಬ್ಬು ಕುಣಿಸಿ, ಅಜ್ಜನ ಮೀಸೆ ಹಿಡಿಯಲು ಕೈ ಚಾಚಿದ. ಒಂದು ಗೀರೂ ಬೀಳಲಿಲ್ಲ. ಮುಗಿದ ಮೇಲೆ ಅಪ್ಪ ನನ್ನ ಸೆರಗಿಗೆ ಕೈ ಚಾಚಿದ. ಕೊಟ್ಟೆ. ಅಲಗು ಒರೆಸಿ, ಮಗುಚಿ ಒರೆಸಿ, ಮಡಚಿದ.

ಆ ರಾತ್ರಿ ನಾನು ಊಟ ಮಾಡಿ ಕಣ್ಣು ಮುಚ್ಚಿದ್ದು ನೆನಪಿದೆ. ಆಮೇಲೆ ನೆನಪಿರುವುದು ಮುಖದ ಮೇಲೆ ಬಿಸಿಲು, ಮತ್ತು ಬಾಗಿಲ ಹತ್ತಿರ ಅಪ್ಪನ ದನಿ.

“ಏಳವ್ವಾ, ಮಂಡಕ್ಕಿ ಒಗ್ಗಾಣಿ ಆರೈತಿ. ನಿನ್ನ ಮಿರ್ಚಿ ನಿನ್ನ ಗಂಡ ತಿಂದ.”